ಕಟ್ಟೆಗೆ ಕೂತ ಹಡಗು

ಮೊನ್ನೆ ಇಳಕಲ್ಲಿನಿಂದ ಬಾಗಲಕೋಟೆಗೆ ಬರುವಾಗ ಹುನಗುಂದದ ಹತ್ತಿರ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಬಸ್ಸು ನಿಂತಿತು. ಕಾದ ಡಾಂಬರಿನ ವಾಸನೆ ಒಳಗೆ ಬಂದದ್ದೇ ತಡ, ಎಲ್ಲರೂ ಸೆರಗು, ಟವೆಲ್ಲು ಮೂಗಿಗೆ ಹಿಡಿದುಕೊಂಡರು. ನಾನೊಬ್ಬಳು ಕಿಟಕಿಯಿಂದ ಮುಖ ಹೊರಗೆ ಹಾಕಿ ಹಬ್ಬದ ಅಡುಗೆಯ ವಾಸನೆ ಹೀರುವವಳ ಹಾಗೆ ಹೀರುತ್ತಿದ್ದೆ. ಪಕ್ಕದ ಸೀಟಿನ ಹೆಣ್ಣುಮಗಳು ಗಾಬರಿಯಾಗಿ, "ಅಕ್ಕಾರ, ತಲಿ ಒಳಗ ತಗೋರಿ. ಹೊಟ್ಟಿ ತೊಳಿಸೀತು" ಎಂದಳು. ಅವಳಿಗೆ ಏನು ಹೇಳುವುದು? ಈ ವಾಸನೆಯಲ್ಲಿ ನನ್ನದೊಂದು ಇಡೀ ವರ್ಷ ಇದೆ, ನಾನು ಹಡಗಿನಲ್ಲಿ ಕೂತು ಹಾಡಿದ ವರ್ಷ, ಎಂದಿದ್ದರೆ ಅವಳು ಸೀಟು ಬದಲಿಸುತ್ತಿದ್ದಳು.

ಆ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನನ್ನ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ನಾನು ನವನಗರದ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಮಕ್ಕಳ ಕೂಡ ಒದರಿ ಒದರಿ ಗಂಟಲು ಊದಿದೆ ಎಂದುಕೊಂಡು ಸುಮ್ಮನಿದ್ದೆ. ದವಾಖಾನೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, "ಹೆದರಬ್ಯಾಡ್ರಿ, ಕೆಟ್ಟ ಗಂಟಲ್ಲ. ಆದ್ರ ಬೆಳ್ಯಾಕತ್ತೈತಿ, ತೆಗೀಬೇಕು" ಎಂದರು.

"ದನಿ?" ಎಂದೆ.

"ದನಿಯ ನರ ಅದಕ್ಕ ಹತ್ತಿಕೊಂಡ ಹಾದು ಹೋಗತೈತ್ರಿ. ಹುಷಾರಾಗೇ ಮಾಡ್ತೀವಿ. ಆದ್ರೂ ಕೆಲವರಿಗೆ ದನಿ ಬದಲಾಗತೈತಿ. ಮಾತಿಗೇನ ತೊಂದ್ರಿ ಇಲ್ಲ."

"ನಾ ಮಾತಿನ ಬಗ್ಗೆ ಕೇಳಲಿಲ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಹಾಡಿನ ಬಗ್ಗೆ ಖಾತ್ರಿ ಕೊಡಾಕ ಬರೂದಿಲ್ರಿ" ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ನಾನು ಸಂಕ್ರಮಣ ಮುಗಿಸಿ ಬರುತ್ತೇನೆ ಎಂದೆ. ಅದಕ್ಕಿಂತ ಮುಂದೆ ಹಾಕಬೇಡಿ ಎಂದರು.

ಹೊರಗೆ ಬಂದು ಆಟೋ ಹತ್ತುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದೇ ವಿಚಾರ ಕೂತಿತ್ತು. ಸಂಕ್ರಮಣದೊಳಗೆ ಅವ್ವನ ಪದಗಳನ್ನೆಲ್ಲ ಹಾಡಿ ರೆಕಾರ್ಡ್ ಮಾಡಿಡಬೇಕು. ನಮ್ಮವ್ವ ಬೇವೂರಿನವಳು. ಬೀಸುವ ಪದ, ತೊಟ್ಟಿಲ ಪದ, ಸೋಬಾನ, ತತ್ವಪದ, ಇವಿಷ್ಟೇ ಅವಳ ಆಸ್ತಿ. ಅವಳು ತೀರಿಕೊಂಡ ಮೇಲೆ ಅದು ನನ್ನ ಗಂಟಲಿಗೆ ಬಂದಿತ್ತು. ತಮ್ಮ ಮಾಂತೇಶನಿಗೂ ಪಾಲು ಇತ್ತು ಎನ್ನಿ, ಆದರೆ ಸ್ವರಕ್ಕೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ದನಿ ಹೋದರೆ ನನ್ನದೊಂದೇ ಹೋಗುವುದಲ್ಲ, ಅವ್ವ ಎರಡನೆಯ ಸಲ ಸಾಯುತ್ತಾಳೆ. ಇದನ್ನು ನೆನೆದಾಗೆಲ್ಲ ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು.

ಮೊದಲು ಹುಬ್ಬಳ್ಳಿಯ ಸ್ಟುಡಿಯೋ ಒಂದಕ್ಕೆ ಹೋದೆ. ಗೋಡೆ, ಚಾವಣಿ, ಬಾಗಿಲು, ಎಲ್ಲಕ್ಕೂ ಕರಿ ಸ್ಪಂಜು. ಹಾಡಿದ ಮಾತು ತುಟಿ ದಾಟಿದ ಕೂಡಲೇ ಸಾಯುತ್ತಿತ್ತು. ಗಾಜಿನಾಚೆ ಕೂತ ಹುಡುಗ, "ಮ್ಯಾಡಂ, ಫೀಲ್ ಬರ್ತಾ ಇಲ್ಲ" ಎಂದ. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಪದಕ್ಕೆ ಗಾಜಿನ ಮುಂದೆ ಫೀಲ್ ಎಲ್ಲಿಂದ ಬಂದೀತು? ಎದ್ದು ಬಂದುಬಿಟ್ಟೆ. ಮನೆಯಲ್ಲಿ ಹಾಡೋಣವೆಂದರೆ ನವನಗರದ ಮನೆಗಳು ಗೋಡೆಗೆ ಗೋಡೆ ಹಚ್ಚಿ ಕೂತಿವೆ. ಒಂದು ಪದ ಮುಗಿಯುವುದರೊಳಗೆ ಎಡಮನೆಯ ಕುಕ್ಕರು ಸೀಟಿ ಹೊಡೆಯುತ್ತದೆ, ಬಲಮನೆಯವರು ಬೋರ್‌ವೆಲ್ ಹಚ್ಚುತ್ತಾರೆ, ಅಷ್ಟರಲ್ಲಿ ಕಸದ ಗಾಡಿ ತನ್ನದೇ ಹಾಡು ಹಾಡುತ್ತ ಬಂದು ಬಾಗಿಲಿಗೆ ನಿಲ್ಲುತ್ತದೆ.

ಆಗ ಜಾಗ ಹುಡುಕಲು ಹೊರಟವನು ಮಾಂತೇಶ. ಅವನ ಉದ್ಯೋಗ ಮದುವೆ ಮನೆಗಳಿಗೆ ಮೈಕ್ ಸೆಟ್ ಹಾಕುವುದು. ಸುತ್ತಿನ ಹಳ್ಳಿಗಳ ಅರ್ಧ ಮಂದಿಯ ಕಿವಿ ಮಂದ ಮಾಡಿದ ಕೀರ್ತಿ ಅವನದು. ಅಂಥವನು ಸದ್ದಿಲ್ಲದ ಜಾಗ ಹುಡುಕುತ್ತ ಬೈಕಿನ ಮೇಲೆ ತಿರುಗಿದ. ಒಂದು ಸಂಜೆ ಬಂದು, "ಅಕ್ಕಾ, ಹಿನ್ನೀರಿನ ದಂಡಿಗೆ ಯಮನಪ್ಪ ಕಾಕಾನ ಹಡಗ ನಿಂತೈತಲ್ಲ, ಅದರಾಗ ಮನಿ ಐತಿ" ಎಂದ.

ಅದನ್ನು ನಾನೂ ದೂರದಿಂದ ನೋಡಿದ್ದೆ. ಹತ್ತಿರ ಹೋದದ್ದು ಆವತ್ತೇ. ಆಣೆಕಟ್ಟಿನ ನೀರಿಗೆ ಮುಳುಗಿದ ಹಳೇ ಬಾಗಲಕೋಟೆಯ ಓಣಿಗಳು ಮುಗಿಯುವ ಕಡೆ, ಜಾಲಿ ಮರಗಳ ನಡುವೆ, ದಂಡೆಯ ಹಸಿ ಕೆಸರಿನಲ್ಲಿ ಕೂತ ಸಾಗವಾನಿಯ ದೊಡ್ಡ ಹಡಗು. ಅದರ ಬೆನ್ನಿನ ಮೇಲೆ ಕಟ್ಟಿಗೆಯ ಉದ್ದನೆಯ ಕೋಣೆ, ಎರಡೂ ಬದಿಗೆ ಸಣ್ಣ ಸಣ್ಣ ಕಿಟಕಿ. ಬಹಳ ಹಿಂದೆ ಹೊಳೆ ಅಳೆಯಲು ಬಂದ ಸಾಹೇಬರು ತಿಂಗಳುಗಟ್ಟಲೆ ಅದರಲ್ಲೇ ಇದ್ದು ಉಂಡು ಮಲಗುತ್ತಿದ್ದರಂತೆ. ಅವರ ಹಡಗು ನಡೆಸುತ್ತಿದ್ದವನು ಯಮನಪ್ಪ ಕಾಕಾನ ಅಜ್ಜ. ಸಾಹೇಬರು ಹೋದರು, ಹಡಗು ಅಂಬಿಗರ ಮನೆಗೆ ಉಳಿಯಿತು. ಕಾಕಾ ಹುಟ್ಟಿದ್ದು ಅದರಲ್ಲೇ. ಊರು ಮುಳುಗಿದ ವರ್ಷ, ಎಲ್ಲರೂ ಸಾಮಾನು ಹೇರಿಕೊಂಡು ನವನಗರಕ್ಕೆ ಬಂದಾಗ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಒಂದು ಮಳೆಗಾಲ ಅದರಲ್ಲೇ ಕಳೆದಿದ್ದ. ನಾನು ಹೋದಾಗ ಒಳಗೆ ಬಾವಲಿ ಸೇರಿದ್ದವು, ತಳದಲ್ಲಿ ನೀರು ನಿಂತಿತ್ತು.

"ಹಾಡಾಕ ಕೇಳಾಕತ್ತೀರಿ ಅಂದ್ರ ಕೊಡ್ತೇನ್ರಿ ಅಕ್ಕಾರ" ಎಂದ ಕಾಕಾ. "ಆದ್ರ ಒಂದ ಮಾತು. ನೆಲಕ್ಕ ಹಚ್ಚಬಾರ್ದು. ಧಾಬಾದಾಂವ ಒಬ್ಬ ಬಂದಿದ್ದ, ಹೈವೇ ಬಾಜೂ ಸಿಮಿಟಿನ ಕಟ್ಟಿ ಮಾಡಿ ಅದರ ಮ್ಯಾಲ ಕುಂಡ್ರಸ್ತಾನಂತ. ಮಂದಿ ಒಳಗ ಕುಂತು ಮಿರ್ಚಿ ಭಜಿ ತಿಂತಾರಂತ. ನಿಮ್ಮಪ್ಪನ್ನ ಕುಂಡ್ರಿಸಿ ಭಜಿ ಮಾರಲೇ ಅಂದು ಕಳಿಸಿದೆ. ನೀರಿನ ಹಡಗ ನೆಲದ ಮ್ಯಾಲ ಒಣಗಿದ್ರ ಹಲಗಿ ಸೀಳತಾವ. ಆಮ್ಯಾಲ ಅದು ಉರವಲಾ."

ಮಾತು ಕೊಟ್ಟೆ. ನನ್ನ ಗಂಟಲಿನ ವಿಷಯ ಮಾತ್ರ ಅವನಿಗೆ ಹೇಳಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಂಡು ಹಾಡುವುದು ನನ್ನಿಂದಾಗದ ಕೆಲಸ.

ಶ್ರಾವಣವೆಲ್ಲ ದುರಸ್ತಿಯಲ್ಲೇ ಹೋಯಿತು. ಹಲಗೆಗಳ ಸಂದಿಗೆ ಸಣಬು ತುಂಬಿ ಮೇಲೆ ಬಿಸಿ ಡಾಂಬರು ಹಚ್ಚುವುದು ಕಾಕಾನ ಪದ್ಧತಿ. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಸಣಬು ಹೊಸೆದು ಕೊಡುತ್ತಿದ್ದೆ. ಸೀರೆಗೆ, ಕೂದಲಿಗೆ, ಉಗುರಿಗೆ ಡಾಂಬರು. ತರಗತಿಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡು ಸರಿಗಮ ಹೇಳುತ್ತಿದ್ದರು. ಆಣೆಕಟ್ಟು ತುಂಬಿ ಹಿನ್ನೀರು ಏರಿದಾಗ ಹಡಗು ಕೊಸರಿಕೊಂಡು ಮೇಲೆದ್ದಿತು, ಒಂದು ಹನಿ ಸೋರಲಿಲ್ಲ. ಕಾಕಾ ಅದರ ಮೂತಿಗೆ ಕಾಯಿ ಒಡೆದ.

ಇನ್ನು ಒಳಗಿನ ಗೋಡೆ. ಬರಿ ಹಲಗೆಗೆ ದನಿ ಬಡಿದು ಗಡಗಡ ಅನ್ನುತ್ತಿತ್ತು. ಮಾಂತೇಶ ಸ್ಪಂಜು ತರಿಸೋಣ ಎಂದ. ನಮ್ಮತ್ತೆ ಇಳಕಲ್ಲಿನವರು, ಕೌದಿ ಹೊಲೆಯುವುದರಲ್ಲಿ ಅವರದು ಎತ್ತಿದ ಕೈ. ಹಳೆಯ ಇಳಕಲ್ ಸೀರೆಗಳನ್ನು ಪದರಿನ ಮೇಲೆ ಪದರು ಇಟ್ಟು ಹೊಲಿದ ಕೌದಿಗಳು ಅವರ ಟ್ರಂಕಿನಲ್ಲಿ ಒಟ್ಟಲಾಗಿದ್ದವು.

"ಸ್ಪಂಜ್ ಯಾಕಬೇಕು? ನಮ್ಮ ಕೌದಿ ಮುಸುಕ ಹಾಕ್ಕೊಂಡ್ರ ಮಗ್ಗುಲಿಗೆ ಕುಂತು ಬೈದದ್ದೂ ಕೇಳೂದಿಲ್ಲ" ಎಂದರು ಅತ್ತೆ. "ಬೇಕಾದ್ರ ನಿನ್ನ ಗಂಡನ್ನ ಕೇಳ."

ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಕೌದಿಗಳು ಗೋಡೆಗೇರಿದವು. ಸಾಲದ್ದಕ್ಕೆ ಅತ್ತೆ ಓಣಿಯವರ ಮನೆಗಳಿಂದಲೂ ಇಸಿದುಕೊಂಡು ಬಂದರು. ದಾಳಿಂಬೆ ಕೆಂಪು, ಗಿಳಿ ಹಸಿರು, ತೋಪು ತೆನೆಯ ನೇಯ್ಗೆಯ ಸೆರಗುಗಳು, ಎಲ್ಲ ಸೇರಿ ಸಾಹೇಬರ ಕೋಣೆ ಹೆರಿಗೆಗೆ ಬಂದ ಮಗಳ ಕೋಣೆಯಂತಾಯಿತು. ಒಂದು ಚೂರು ಹಾಡಿ ನೋಡಿದೆ. ದನಿ ಸಾಯಲೂ ಇಲ್ಲ, ಗುಡುಗಲೂ ಇಲ್ಲ. ಮಾಂತೇಶ ಲ್ಯಾಪ್‌ಟಾಪು, ಬ್ಯಾಟರಿ, ಮೈಕು ತಂದು ಜೋಡಿಸಿ ಬಾಗಿಲಿಗೆ 'ಸ್ಟುಡಿಯೋ' ಎಂದು ಸುಣ್ಣದಲ್ಲಿ ಬರೆದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತಾಯಿತು ಅದು. ಯಾಕೆಂದರೆ ಹಾಡು ರೆಕಾರ್ಡಿಗೆ ಹತ್ತಲೇ ಇಲ್ಲ.

ನೀರು ಬಿಡಲಿಲ್ಲ. ದಂಡೆಯಲ್ಲಿ ನಿಂತು ಕೇಳಿದರೆ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣ ಸಪ್ಪಳ, ಮೈಕಿನಲ್ಲಿ ಚಳಪ್ ಚಳಪ್ ಎಂದು ಬಟ್ಟೆ ಒಗೆದ ಹಾಗೆ ಕೇಳುತ್ತಿತ್ತು. ಗಾಳಿ ಬಿಟ್ಟರೆ ಹಲಗೆಗಳು ಕಿರ್ ಎನ್ನುತ್ತಿದ್ದವು. ಮೀನು ಹಿಡಿಯುವವರ ತೆಪ್ಪ ಹಾದರೆ ಇಡೀ ಕೋಣೆ ತೂಗುತ್ತಿತ್ತು. ಮಾಂತೇಶ ಕಿವಿಯ ಮೇಲಿನ ಹೆಡ್‌ಫೋನ್ ಕಿತ್ತು, "ಅಕ್ಕಾ, ನೀರ ತಾಳಾ ಹಾಕಾಕತ್ತೈತಿ, ಅದೂ ತಪ್ಪು ತಾಳಾ" ಎನ್ನುತ್ತಿದ್ದ. ದಸರಾ ಹೋಯಿತು, ದೀಪಾವಳಿ ಹೋಯಿತು. ಬಲ್ಲವರ ಮುಂದೆ ಇಡಬಹುದಾದ ಪದ ಬೆರಳೆಣಿಕೆಯಷ್ಟೂ ಆಗಲಿಲ್ಲ. ಗಂಟಲಲ್ಲಿ ಗಂಟು ಉಗುಳು ನುಂಗಿದಾಗೆಲ್ಲ ನಾನಿದ್ದೇನೆ ಎನ್ನುತ್ತಿತ್ತು. ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳಲಿಲ್ಲ ನಾನು. ಬೆಳಿಗ್ಗೆ ಗಾಳಿ ಏಳುವ ಮೊದಲು ಹೋಗುವುದು, ಹಾಡುವುದು, ಕೆಟ್ಟರೆ ಮತ್ತೆ ಹಾಡುವುದು, ಶಾಲೆಗೆ ಓಡುವುದು. ಗಂಡ ಒಮ್ಮೆ, "ಗಿರಿಜಾ, ದವಾಖಾನಿಗೆ ಮೊದಲ ಹೋಗಿ ಬರೂಣೇನು?" ಎಂದರು. ನಾನು ನೋಡಿದ ನೋಟಕ್ಕೆ ಮತ್ತೆ ಕೇಳಲಿಲ್ಲ.

ಆಮೇಲೆ ನಾವೆಲ್ಲ ಸೇರಿ ಆ ತಪ್ಪು ಮಾಡಿದೆವು. ಎಳ್ಳಮವಾಸ್ಯೆಗೆ ಇಳಕಲ್ಲಿನ ಹೊಲಕ್ಕೆ ಹೋಗುವುದಿತ್ತು. ಮಾಂತೇಶನೂ ಬರುವವನು, ಕಾಕಾ ಕಮತಗಿಯ ಮಗಳ ಮನೆಗೆ ಹೊರಟಿದ್ದ. ಹಡಗನ್ನು ಬಿಟ್ಟು ಹೋಗುವುದೆಂದು ಮೂವರೂ ಸೇರಿ ದಂಡೆಯ ಕಡೆಯ ಎರಡು ಜಾಲಿ ಮರಗಳಿಗೆ, ಎತ್ತರದಲ್ಲಿ, ಬಿಗಿಯಾಗಿ, ಗೇಣು ಸಡಿಲವೂ ಇಲ್ಲದಂತೆ ಕಟ್ಟಿದೆವು. "ನೀರ ಏರಿದ್ರ ಹಗ್ಗ ಸಡಿಲಾಗಿ ಹಡಗ ತೇಲಿ ಹೋಗತೈತಿ" ಎಂದು ಕಾಕಾ ಗಂಟಿನ ಮೇಲೆ ಗಂಟು ಹಾಕಿದ. ನಾನೂ ಹೂಂಗುಟ್ಟಿದೆ. ಅವನು ಪ್ರವಾಹದ ಹೊಳೆಯಲ್ಲಿ ಬೆಳೆದವನು, ನಾವು ಮುಳುಗಿದ ಊರಿನವರು. ನಮ್ಮ ಮಂದಿಗೆ ನೀರೆಂದರೆ ಏರುವುದು ಒಂದೇ ಗೊತ್ತು. ಬಟ್ಟೆ ಒಣಹಾಕುವಾಗಲೂ ಒಂದು ಮೊಳ ಎತ್ತರಕ್ಕೆ ಹಾಕುವ ಜನ ನಾವು. ಕಾಲುವೆಗೆ ನೀರು ಬಿಟ್ಟರೆ ಹಿನ್ನೀರು ಇಳಿಯುತ್ತದೆ ಎಂಬುದು, ಪ್ರತಿ ವರ್ಷ ಕಣ್ಣಾರೆ ನೋಡಿಯೂ, ಮೂರು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ಕಡಬು ತಿಂದು, ನೆಂಟರ ಮನೆಗಳಲ್ಲಿ ಉಳಿದು ಬರುವಷ್ಟರಲ್ಲಿ ನೀರು ಇಳಿದಿತ್ತು. ಹಡಗು ಹಗ್ಗಕ್ಕೆ ಜೋತುಬಿದ್ದಿತ್ತು. ದಂಡೆಯ ಕಡೆಯ ಮಗ್ಗುಲು ಮೇಲೆ, ಆಚೆಯ ಮಗ್ಗುಲು ಕೆಳಗೆ. ಕಿಟಕಿಯಲ್ಲಿ ಇಣುಕಿದರೆ ಹಾರ್ಮೋನಿಯಂ, ಮೈಕಿನ ಸ್ಟ್ಯಾಂಡು, ಅತ್ತೆಯ ಕೌದಿಗಳು, ಎಲ್ಲ ಒಂದು ಮೂಲೆಗೆ ಬಿದ್ದು ರಾಶಿಯಾಗಿದ್ದವು. ಮಾಂತೇಶ ನನ್ನ ಮುಂದೆ ಆಡಬಾರದ ಮಾತೆಲ್ಲ ಆಡಿದ. ಸುದ್ದಿ ಕೇಳಿ ಕಮತಗಿಯಿಂದ ಓಡಿ ಬಂದ ಕಾಕಾ ಸೀದಾ ಮರದ ಕಡೆ ಹೋದ. ಕುಡುಗೋಲು ತಗೊಂಡು ಹಗ್ಗ ಕೊಯ್ದ. ಹಡಗು ದೊಪ್ಪೆಂದು ಕೆಳಗೆ ಬಿದ್ದು ಯಾವುದೋ ಕಲ್ಲಿನ ಮೇಲೆ ಕೂತಿತು. ನೋಡಿದರೆ ಕಲ್ಲಲ್ಲ, ಮುಳುಗಿದ ಮನೆಯೊಂದರ ಕಟ್ಟೆ. ಮೇಲೆ ಮೊಣಕಾಲಷ್ಟೂ ನೀರಿರಲಿಲ್ಲ. ಯಾರ ಮನೆಯೋ, ಯಾರು ಆ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದರೋ ಎಂದು ಮರುಗುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ. ಸಂಕ್ರಮಣ ಹತ್ತಿರ ಬಂದಿತ್ತು.

"ಟ್ರ್ಯಾಕ್ಟರ್ ಹೇಳಿ ಕಳಸ್ತೇನಿ" ಎಂದ ಕಾಕಾ. "ಇವತ್ತ ಎಳದ್ರ ಎಳದಂಗ. ನಾಳಿಗೆ ಕೆಸರ ಹಿಡಕೊಂಡ್ರ ಮುಂದಿನ ಮಳಿಗಾಲದತನಕ ಮಿಸಕೂದಿಲ್ಲ."

ಅವನು ಫೋನು ಮಾಡುತ್ತಿರುವಾಗ ನಾನು ಒಳಗೆ ಹತ್ತಿದೆ. ನೆಲ ಓರೆಯಾಗಿತ್ತು. ಗೋಡೆ ಹಿಡಿದು ಹಾರ್ಮೋನಿಯಂ ಎತ್ತಿ ನಿಲ್ಲಿಸಿದೆ. ಆಗ ತಿಳಿಯಿತು. ಸಪ್ಪಳವೇ ಇಲ್ಲ. ಚಳಪ್ ಇಲ್ಲ, ಕಿರ್ ಇಲ್ಲ, ತೂಗಾಟವಿಲ್ಲ. ಕಟ್ಟೆ ಹಡಗನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗೆ ಹಿಡಿದಿತ್ತು. ನಾನು ಅಲ್ಲೇ ಕೂತು ಒಂದು ಬೀಸುವ ಪದದ ಮೊದಲ ಸಾಲು ಹಾಡಿದೆ. ದನಿ ಕೋಣೆ ತುಂಬಿ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮಾಂತೇಶ ಒಳಗೆ ಬಂದು ರಾಶಿಯಲ್ಲಿ ಹೆಡ್‌ಫೋನ್ ಹುಡುಕತೊಡಗಿದ.

ಕೆಳಗಿಳಿದು ಕಾಕಾನ ಎದುರು ನಿಂತೆ. "ಕಾಕಾ, ಟ್ರ್ಯಾಕ್ಟರ್ ಬ್ಯಾಡ್ರಿ. ಇಲ್ಲೇ ಇರಲಿ."

ಅವನಿಗೆ ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ. "ಏನಂದ್ರಿ ಅಕ್ಕಾರ? ಮಾತ ಕೊಟ್ಟೀರಿ ನೀವು. ನೆಲಕ್ಕ ಹಚ್ಚೂದಿಲ್ಲ ಅಂದೀರಿ. ಬಿಸಲಿಗೆ ಹಲಗಿ ಸೀಳಿ ಹೋದ್ರ ನಾ ಏನ ಮಾಡ್ಲಿ? ನಮ್ಮವ್ವ ನನ್ನ ಹಡದ ಜಾಗಾ ಐತದು!"

"ನನಗ ಸಂಕ್ರಮಣ ಆದಮ್ಯಾಲ ಗಂಟಲ ಕೊಯ್ತಾರ ಕಾಕಾ" ಎಂದೆ. ಹೇಳುವಾಗ ದನಿ ನಡುಗಿತು, ಅದಕ್ಕೂ ಸಿಟ್ಟು ಬಂತು. "ಆಮ್ಯಾಲ ಹಾಡಾಕ ಬರತೈತೋ ಇಲ್ಲೋ ಯಾರೂ ಹೇಳವಲ್ರು. ಹಾಡಿ ಇಡದಿದ್ರ ನಮ್ಮವ್ವನ ಪದಾ ಎಲ್ಲಾ ನನ್ನ ಕೂಡ ಹೋಗತಾವ. ನಿಮ್ಮ ಹಡಗಕ್ಕ ಮುಂದಿನ ಮಳಿಗಾಲ ಐತಿ. ನನಗ ಐತೋ ಇಲ್ಲೋ ಗೊತ್ತಿಲ್ಲ."

ಕಾಕಾ ಹಡಗಿನ ಹೊಟ್ಟೆಗೆ ಅಂಗೈ ಹಚ್ಚಿ ನಿಂತಿದ್ದ. ಆಮೇಲೆ ಟವೆಲ್ಲು ತಲೆಗೆ ಸುತ್ತಿಕೊಂಡು ದಂಡೆ ಹತ್ತಿ ಹೊರಟುಹೋದ. ಸಿಟ್ಟಾಗಿ ಹೋದ, ಇನ್ನು ಮಂದಿ ಕರಕೊಂಡು ಬರುತ್ತಾನೆ ಎಂದುಕೊಂಡೆ. ಸಂಜೆಯ ಮುಂದೆ ಬಂದ. ತಲೆಯ ಮೇಲೆ ಗೋಣಿತಟ್ಟುಗಳ ದೊಡ್ಡ ಹೊರೆ. ಒಂದೊಂದನ್ನೇ ನೀರಿಗೆ ಅದ್ದಿ ಹಡಗಿನ ಮೈಗೆ ಹೊದಿಸತೊಡಗಿದ.

"ಒಣಗಾಕ ಬಿಟ್ರ ಸೀಳತೈತಿ. ನಾ ಒಣಗಾಕ ಬಿಡೂದಿಲ್ಲ" ಎಂದ ನನ್ನ ಕಡೆ ನೋಡದೆ. "ನೀ ಹಾಡ ತಂಗಿ."

ಅಕ್ಕಾರ ಹೋಗಿ ತಂಗಿ ಆದದ್ದು ಆವತ್ತು. ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಹಾರ್ಮೋನಿಯಂನ ಒಂದು ಬದಿಗೆ ಮಣೆ ಕೊಟ್ಟು ಸಮ ಮಾಡಿಕೊಂಡು ಕೂತೆ. ನನಗೆ ಮಣೆ ಇರಲಿಲ್ಲ, ಓರೆಯಾಗಿಯೇ ಕೂತೆ.

ಆ ಸಂಕ್ರಮಣದವರೆಗಿನ ದಿನಗಳನ್ನು ಈಗ ನೆನೆದರೆ ಚಳಿ, ಹಸಿ ಗೋಣಿಯ ವಾಸನೆ ಮತ್ತು ಪದಗಳು, ಇಷ್ಟೇ. ಶಾಲೆಗೆ ರಜೆ ಹಾಕಿದೆ. ಅತ್ತೆ ಮೆಣಸಿನ ಕಷಾಯ ತುಂಬಿದ ಥರ್ಮಾಸು, ಕಟಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದರು. ಕೆಳಗೆ ನೀರು ದಿನದಿಂದ ದಿನಕ್ಕೆ ದೂರ ಸರಿಯಿತು. ಕಾಕಾ ಕೊಡ ಹೊತ್ತು ಅಲ್ಲಿಂದ ನೀರು ತಂದು ಗೋಣಿಗೆ ಸುರಿಯುತ್ತಿದ್ದ. ನಾನು ಹಾಡುವಾಗ ಸುರಿಯಬಾರದೆಂದು ಮಾಂತೇಶ ಕಿಟಕಿಯಿಂದ ಕೆಂಪು ಟವೆಲ್ಲು ಹೊರಗೆ ಬಿಡುತ್ತಿದ್ದ, ಪದ ಮುಗಿದ ಮೇಲೆ ಒಳಗೆ ಎಳೆದುಕೊಳ್ಳುತ್ತಿದ್ದ. ಒಂದು ತತ್ವಪದದ ಹೊತ್ತಿಗೆ ಕಾಕಾ ಟವೆಲ್ಲು ನೋಡದೆ ಇಡೀ ಕೊಡ ಸುರಿದುಬಿಟ್ಟ. ಮಾಂತೇಶ ಬೈಯಲು ಎದ್ದ. ಬೇಡ ಎಂದು ಕೈ ಮಾಡಿ ನಾನು ಹಾಡು ಮುಂದುವರಿಸಿದೆ. ಈಗ ಆ ಪದ ಕೇಳಿದವರು, ಹಿಂದೆ ಹೊಳೆಯ ಸಪ್ಪಳ ಎಷ್ಟು ಚಂದ ಸೇರಿಸೀರಿ ಎನ್ನುತ್ತಾರೆ. ನಾವು ತಿದ್ದುವುದಿಲ್ಲ. ನೆನಪಿದ್ದ ಪದವನ್ನೆಲ್ಲ ಹಾಡಿದೆ, ಮರೆತ ಸಾಲುಗಳಿಗಾಗಿ ಬೇವೂರಿನ ಮುದುಕಿಯರಿಗೆ ಫೋನು ಹಚ್ಚಿ ಕೇಳಿ ಹಾಡಿದೆ. ಭೋಗಿಯ ದಿನ ಕೊನೆಯ ತೊಟ್ಟಿಲ ಪದ ಮುಗಿಯಿತು.

ಆಪರೇಷನ್ ಆಯಿತು. ಗಂಟು ಹೋಯಿತು. ಡಾಕ್ಟರು ಹೇಳಿದ್ದ ಹಾಗೆ ಮಾತಿಗೆ ತೊಂದರೆಯಾಗಲಿಲ್ಲ. ಹಾಡಲು ಹೋದರೆ ಮೇಲಿನ ಸ್ವರಕ್ಕೆ ದನಿ ಹತ್ತುವುದಿಲ್ಲ, ನಡುವೆ ಹರಿದುಹೋಗುತ್ತದೆ. ಕಾಯಿರಿ ಎಂದರು, ಕಾದೆ. ಬೇಸಿಗೆ ಕಳೆಯಿತು. ಶಾಲೆಯಲ್ಲಿ ಹಾರ್ಮೋನಿಯಂ ನುಡಿಸಿ ಮಕ್ಕಳಿಂದ ಹಾಡಿಸುತ್ತಿದ್ದೆ. ಮನೆಯಲ್ಲಿ ಆ ರೆಕಾರ್ಡು ಹಚ್ಚಲು ಯಾರನ್ನೂ ಬಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದೆ, ಉಳಿಸಿದೆ ಎಂದು ಎಲ್ಲರೂ ಎನ್ನುತ್ತಿದ್ದರು. ಉಳಿಸಿದ್ದು ಖರೆ. ಆದರೆ ಹಾಡುವವಳಿಗೆ ಹಾಡಿಟ್ಟದ್ದು ಸಾಕಾಗುವುದಿಲ್ಲ, ಅದನ್ನು ಯಾರಿಗೆ ಹೇಳುವುದು?

ಮತ್ತೆ ಶ್ರಾವಣ ಬಂದು ಹಿನ್ನೀರು ಏರಿತು. ಹಡಗು ಎದ್ದಿದೆ, ಬರಬೇಕಂತೆ ಎಂದು ಮಾಂತೇಶ ಕರಕೊಂಡು ಹೋದ. ಎದ್ದಿತ್ತು. ಕಾಕಾ ಬೇಸಿಗೆಯಿಡೀ ನೀರು ಹೊತ್ತಿದ್ದ. ಆದರೂ ಎರಡು ಹಲಗೆ ಸೀಳಿ, ಅಲ್ಲಿ ಹೊಸ ಹಲಗೆ ಕೂಡಿಸಿದ್ದ. ಅದನ್ನು ತೋರಿಸಿದ, ಕೆಟ್ಟ ಮಾತು ಒಂದೂ ಆಡಲಿಲ್ಲ. ಒಳಗೆ ಹೋಗಿ ಕೌದಿಗಳ ನಡುವೆ ಕೂತೆವು. ನೆಲ ಸಮವಾಗಿತ್ತು.

"ಒಂದ ಪದಾ ಅನ್ನ ತಂಗಿ" ಎಂದ ಕಾಕಾ.

"ಬರೂದಿಲ್ಲ ಕಾಕಾ. ಆ ದನಿ ಹೋತು."

"ಹೋದದ್ದು ಇವನ ಪೆಟ್ಟಿಗ್ಯಾಗ ಐತಲ್ಲ. ನಾ ಅದನ್ನ ಕೇಳಲಿಲ್ಲ. ಇದ್ದದ್ದರಾಗ ಅನ್ನ."

ನನ್ನ ಎಂದಿನ ಶ್ರುತಿಗಿಂತ ಬಹಳ ಕೆಳಗಿನ ಶ್ರುತಿ ಹಿಡಿದು ಬೀಸುವ ಪದ ಎತ್ತಿದೆ. ಮೊದಲ ಸಾಲಿಗೇ ದನಿ ಒಡೆಯಿತು. ಮತ್ತೆ ಎತ್ತಿದೆ, ಮತ್ತೆ ಒಡೆಯಿತು. ಹಲ್ಲು ಕಚ್ಚಿ ಇನ್ನೂ ಒಂದು ಸ್ವರ ಕೆಳಗಿಳಿದೆ. ಅಲ್ಲಿ ನೆಲ ಸಿಕ್ಕಿತು. ದಪ್ಪ, ಒರಟು, ಹಿಟ್ಟು ಬಿದ್ದ ಹಾಗೆ ಉದುರುವ ದನಿ. ಅದು ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಪದ ಮುಗಿಯುವವರೆಗೆ ಕೈಬಿಡಲಿಲ್ಲ. ಮುಗಿಸಿ ನೋಡಿದರೆ, ಸ್ವರದ ಗಂಧಗಾಳಿಯಿಲ್ಲದ ನನ್ನ ತಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಅಕ್ಕಾ" ಎಂದ, "ಅವ್ವ ಹಿಂಗ ಹಾಡ್ತಿದ್ಲು."

ಹೌದು. ಅವ್ವ ಹೀಗೇ ಹಾಡುತ್ತಿದ್ದಳು. ಕ್ಲಾಸಿನಲ್ಲಿ ಕಲಿತ ಮೇಲಿನ ದನಿಯಲ್ಲಿ ಅವಳ ಪದಗಳನ್ನು ತೊಳೆದು ಇಸ್ತ್ರಿ ಮಾಡಿ ಹಾಡುತ್ತ ಬಂದವಳು ನಾನು.

"ಮಷಿನ್ ತಂದಿ ಏನಲೇ?" ಎಂದೆ.

"ಬೈಕಿನಾಗ ಐತಿ. ನೀರಿನ ಸಪ್ಪಳ ಬರತೈತಲ್ಲ ಅಕ್ಕಾ?"

"ಬರಲಿ. ಹಚ್ಚು."

"ಯಾವ ಪದಾ ಹಾಡ್ತಿ?"

"ಎಲ್ಲಾ" ಎಂದೆ. "ಮೊದಲಿಂದ."